ಹೇಗೆ ಗೊತ್ತಾಯಿತು?



ಶರಣ ಸಂಗಮಕ್ಕೋ ಮನೆಯ ಪ್ರಾರ್ಥನಾ ಸಭೆಗೋ ಹೋದಾಗ, ನಿವೃತ್ತಿಯಾದ ಮೇಲೆ ಏನು ಓದುತ್ತಿದ್ದೀರಿ ಎಂದು ಅನೇಕರು ಕೇಳುವುದುಂಟು. ವಚನಗಳನ್ನು ಓದುತ್ತೇನೆ, ಜೊತೆಗೆ ವಿಜ್ಞಾನ ಪತ್ರಿಕೆಗಳನ್ನು ಓದುತ್ತೇನೆ ಎಂದರೆ ಕೆಲವರು ನಗುತ್ತಾರೆ. ‘ಇಂಜಿನಿಯರ್ ಆಗಿದ್ದವರು, ಹಳೆಯ ಚಟ ಬಿಟ್ಟಿಲ್ಲ’ ಎನ್ನುತ್ತಾರೆ. ಪರಿಣತರು ಪರಿಣತರಿಗಾಗಿ ಬರೆಯುವ ಸಂಶೋಧನಾ ಪತ್ರಿಕೆಗಳ ಮಾತನ್ನು ನಾನು ಆಡುತ್ತಿಲ್ಲ. ರೈತ, ಶಿಕ್ಷಕಿ, ಅಂಗಡಿಕಾರ, ಕಾಲೇಜು ಹುಡುಗ, ಯಾರು ಬೇಕಾದರೂ ಕೈಗೆತ್ತಿಕೊಂಡು ಓದಲೆಂದು ಪ್ರಕಟವಾಗುವ ಪತ್ರಿಕೆಗಳ ಮಾತಿದು. ಅವುಗಳಲ್ಲಿ ಬರುವ ಇರುವೆ, ತಿಮಿಂಗಿಲ, ನಕ್ಷತ್ರ, ಜ್ವರಗಳ ಸಂಗತಿಗೂ ನಾನು ಕಟ್ಟಿದ ಕಾಲುವೆಗಳಿಗೂ ಸಂಬಂಧವಿಲ್ಲ. ಸಂತೋಷಕ್ಕಾಗಿಯೇ ಓದುತ್ತೇನೆ. ಈ ಸಂತೋಷ ನಮ್ಮ ಮಠಗಳ ಅಂಗಳಕ್ಕೆ, ಪ್ರಸಾದ ನಿಲಯಗಳಿಗೆ ಬರಬೇಕು. ಏಕೆ ಬರಬೇಕು ಎಂಬುದೇ ಈ ಸಂಪಾದಕೀಯದ ವಿಷಯ.

ಪಠ್ಯಪುಸ್ತಕದ ವಿಜ್ಞಾನ ಉತ್ತರದಿಂದ ಶುರುವಾಗುತ್ತದೆ. ಬೆಳಕಿನ ವೇಗ ಇಷ್ಟು, ಭೂಮಿಯ ವಯಸ್ಸು ಇಷ್ಟು. ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡಿ. ಒಳ್ಳೆಯ ವಿಜ್ಞಾನ ಪತ್ರಿಕೆ ಪ್ರಶ್ನೆಯಿಂದ ಶುರುಮಾಡುತ್ತದೆ. ಮೊದಲು ಯಾರಿಗೆ ಸಂಶಯ ಬಂತು, ಏನನ್ನು ಅಳೆದರು, ಎಲ್ಲಿ ಎಡವಿದರು, ಯಾರು ಒಪ್ಪಲಿಲ್ಲ, ಕೊನೆಗೆ ಯಾವ ಪುರಾವೆಗೆ ಎಲ್ಲರೂ ತಲೆಬಾಗಿದರು ಎಂಬ ದಾರಿಯನ್ನೆಲ್ಲ ನಮ್ಮನ್ನು ಕೈಹಿಡಿದು ನಡೆಸುತ್ತದೆ. ಓದುತ್ತಾ ಹೋದಂತೆ ಒಂದು ಪ್ರಶ್ನೆ ಮನಸ್ಸಿನಲ್ಲಿ ನೆಲೆ ನಿಲ್ಲುತ್ತದೆ: ಇದು ಹೇಗೆ ಗೊತ್ತಾಯಿತು? ನನ್ನ ಮಟ್ಟಿಗೆ ಆ ಓದಿನ ರುಚಿಯೆಲ್ಲ ಇರುವುದು ಈ ಪ್ರಶ್ನೆಯಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ‘ಸೈಂಟಿಫಿಕ್ ಅಮೆರಿಕನ್’ 1845ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಪತ್ರಿಕೆ. ಅದರ 1990ರ ಅಕ್ಟೋಬರ್ ಸಂಚಿಕೆ ನನಗೆ ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತು. ಆಗ ನಾನು ವಿಜಯಪುರ ಜಿಲ್ಲೆಯ ಎರೆ ಭೂಮಿಯಲ್ಲಿ ಕಾಲುವೆ ಕೆಲಸದ ಮೇಲಿದ್ದೆ. ಎರೆ ಮಣ್ಣಿನ ಗುಣವನ್ನು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಸಿದರೆ ಕಾಲುವೆಯ ಮೈ ಎದ್ದು ಒಡೆಯುತ್ತದೆ. ಅದಕ್ಕೆಂದೇ ಎರೆಯನ್ನು ಅಗೆದು ತೆಗೆದು, ಉಬ್ಬದ ಗರಸು ಮಣ್ಣು ತುಂಬಿ, ಗಟ್ಟಿ ಮಾಡಿ, ಆಮೇಲೆ ಕಾಂಕ್ರೀಟ್ ಹಾಕುತ್ತೇವೆ. ಈ ಮಣ್ಣಿನ ಜೊತೆ ಗುದ್ದಾಡುತ್ತಲೇ ನನ್ನ ನೌಕರಿಯ ಎಷ್ಟೋ ವರ್ಷ ಕಳೆದವು. ಅದು ಎಲ್ಲಿಂದ ಬಂತು ಎಂದು ಯೋಚಿಸಲು ಪುರುಸೊತ್ತು ಸಿಕ್ಕಿರಲಿಲ್ಲ.

ಆ ಸಂಚಿಕೆಯಲ್ಲಿ, ಡೈನೊಸಾರ್‌ಗಳು ಅಳಿದದ್ದು ಹೇಗೆ ಎಂಬ ಪ್ರಶ್ನೆಯ ಮೇಲೆ ಎರಡು ಲೇಖನಗಳು ಒಂದರ ಹಿಂದೆ ಒಂದು ಇದ್ದವು. ಮೊದಲನೆಯದು ವಾಲ್ಟರ್ ಆಲ್ವಾರೆಜ್ ಮತ್ತು ಫ್ರಾಂಕ್ ಅಸಾರೊ ಅವರದು. ಆಕಾಶದಿಂದ ಭಾರಿ ಬಂಡೆಯೊಂದು ಬಂದು ಬಡಿದದ್ದರಿಂದ ಜೀವಸಂಕುಲ ನಾಶವಾಯಿತು ಎಂಬುದು ಅವರ ವಾದ. ಅದಕ್ಕೆ ಮುಖ್ಯ ಪುರಾವೆ ಇರಿಡಿಯಂ ಎಂಬ ಲೋಹ. ಭೂಮಿಯ ಮೇಲ್ಪದರದಲ್ಲಿ ಅದು ಬಲು ವಿರಳ, ಉಲ್ಕೆಗಳಲ್ಲಿ ಹೆಚ್ಚು. ಡೈನೊಸಾರ್‌ಗಳ ಕಾಲ ಮುಗಿಯುವಲ್ಲಿ ಸಿಗುವ ತೆಳುವಾದ ಜೇಡಿಮಣ್ಣಿನ ಪದರದಲ್ಲಿ ಆ ಲೋಹ ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಎರಡನೆಯ ಲೇಖನ ಫ್ರಾನ್ಸಿನ ವಿನ್ಸೆಂಟ್ ಕೂರ್ಟಿಯೊ ಅವರದು. ನಾಶಕ್ಕೆ ಕಾರಣ ಜ್ವಾಲಾಮುಖಿ ಎಂದು ಅವರ ವಾದ. ಯಾವ ಜ್ವಾಲಾಮುಖಿ ಎಂದು ನೋಡಿದರೆ, ನಮ್ಮದೇ ದಖ್ಖನ್ ಪ್ರಸ್ಥಭೂಮಿಯದು!

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಸೀಳಿ ಲಾವಾರಸ ಪದರದ ಮೇಲೆ ಪದರವಾಗಿ ಹರಿಯಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದು ಕುಳಿತಿದೆ. ಮಹಾರಾಷ್ಟ್ರದ ಬಹುಭಾಗ, ಇತ್ತ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಸೀಮೆ ಅದರಲ್ಲಿ ಸೇರಿದೆ. ಆ ಕರಿಕಲ್ಲು ಬಿಸಿಲು ಮಳೆಗೆ ಸವೆದು ಎರೆ ಮಣ್ಣಾಯಿತು. ನನ್ನ ಕಾಲುವೆಯನ್ನು ಎತ್ತಿ ಒಡೆಯುತ್ತಿದ್ದ ಮಣ್ಣು, ಬಿಳಿಜೋಳ ಬೆಳೆದು ನಮ್ಮನ್ನು ಸಾಕಿದ ಮಣ್ಣು, ಶರಣರು ನಡೆದಾಡಿದ ಕಲ್ಯಾಣದ ನೆಲದಡಿಯ ಕಲ್ಲು, ಡೈನೊಸಾರ್‌ಗಳ ಕೊನೆಗಾಲ, ಎಲ್ಲ ಒಂದೇ ಕಥೆಯ ಎಳೆಗಳು! ಮರುದಿನ ಸೈಟಿನಲ್ಲಿ ಅಗೆತದಲ್ಲಿ ಎದ್ದ ಕರಿಕಲ್ಲಿನ ಚೂರನ್ನು ಹಿಡಿದು ಅದರ ವಯಸ್ಸನ್ನು ನಮ್ಮ ಮೇಸ್ತ್ರಿಗೆ ಹೇಳಿದೆ. ಅವನು ನನ್ನ ಮುಖ ನೋಡಿ, ‘ಅದು ಹ್ಯಾಂಗ ಗೊತ್ತಾತ್ರಿ ಸಾಹೇಬ್ರ?’ ಎಂದ.

ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದವನು ಕೇಳಿದ ಈ ಪ್ರಶ್ನೆ ಎಷ್ಟು ಸರಿಯಾದದ್ದು! ಉತ್ತರ ಕಷ್ಟದ್ದೇನಲ್ಲ. ಕಲ್ಲಿನಲ್ಲಿರುವ ಪೊಟ್ಯಾಸಿಯಂನಲ್ಲಿ ಒಂದು ಬಗೆಯದು ತಾನಾಗಿಯೇ ಕ್ಷಯಿಸುತ್ತಾ ಹೋಗುತ್ತದೆ. ಅದರ ಒಂದು ಪಾಲು ಆರ್ಗಾನ್ ಎಂಬ ಅನಿಲವಾಗುತ್ತದೆ. ಅದರ ಮೊತ್ತ ಅರ್ಧಕ್ಕೆ ಇಳಿಯಲು ಸುಮಾರು 125 ಕೋಟಿ ವರ್ಷ ಬೇಕು. ಕಲ್ಲು ಕರಗಿ ಹರಿಯುವಾಗ ಅನಿಲ ಹಾರಿಹೋಗುತ್ತದೆ, ಹೆಪ್ಪುಗಟ್ಟಿದ ಮೇಲೆ ಒಳಗೇ ಸಿಕ್ಕಿಬೀಳುತ್ತದೆ. ಎಷ್ಟು ಅನಿಲ ಕೂಡಿದೆ, ಎಷ್ಟು ಪೊಟ್ಯಾಸಿಯಂ ಉಳಿದಿದೆ ಎಂದು ಅಳೆದರೆ ಕಲ್ಲು ಗಟ್ಟಿಯಾದ ಕಾಲ ಸಿಗುತ್ತದೆ. ಟಾಕಿಯಲ್ಲಿ ತುಂಬಿದ ನೀರನ್ನು ಅಳೆದು, ನಳ ಎಷ್ಟು ಹೊತ್ತಿನಿಂದ ತೊಟ್ಟಿಕ್ಕುತ್ತಿದೆ ಎಂದು ಹೇಳಿದಂತೆ. ಇಷ್ಟು ಹೇಳಿದಾಗ ಮೇಸ್ತ್ರಿ ತಲೆಯಾಡಿಸಿದ. ತಿಳಿಯಲು ಪದವಿ ಬೇಕಾಗಲಿಲ್ಲ, ತಿಳಿಯುವ ಮಾತಿನಲ್ಲಿ ಹೇಳುವವರು ಬೇಕಿತ್ತು.

ಆ ಎರಡು ವಾದಗಳು ಏನಾದವು? ಮುಂದಿನ ವರ್ಷ, 1991ರಲ್ಲಿ, ಮೆಕ್ಸಿಕೊದ ಯುಕಟಾನ್ ಪ್ರದೇಶದಲ್ಲಿ ನೆಲದಡಿ ಹೂತುಹೋಗಿದ್ದ ಸುಮಾರು 180 ಕಿಲೋಮೀಟರ್ ಅಗಲದ ಕುಳಿಯೇ ಆ ಬಂಡೆ ಬಿದ್ದ ಜಾಗ ಎಂದು ಗುರುತಿಸಿದರು. ಬಂಡೆಯ ವಾದಕ್ಕೆ ಬಲ ಬಂತು. ಇಂದು ಹೆಚ್ಚಿನ ವಿಜ್ಞಾನಿಗಳು ಅದನ್ನೇ ಮುಖ್ಯ ಕಾರಣವೆಂದು ಒಪ್ಪುತ್ತಾರೆ. ದಖ್ಖನ್ ಲಾವಾದ ಪಾತ್ರ ಎಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಆ ಸಂಚಿಕೆಯ ಜೋಡಣೆ. ಒಬ್ಬರನ್ನೊಬ್ಬರು ಒಪ್ಪದ ಎರಡು ಪಕ್ಷಗಳನ್ನು ಒಂದೇ ಸಂಚಿಕೆಯಲ್ಲಿ ಅಕ್ಕಪಕ್ಕ ಕೂರಿಸಿ, ಪುರಾವೆ ಇಲ್ಲಿದೆ, ನೀವೇ ತೂಗಿ ನೋಡಿ ಎಂದು ಸಾಮಾನ್ಯ ಓದುಗನಿಗೆ ಬಿಟ್ಟಿದ್ದರು. ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪದಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದಿತ್ತು ಎಂದು ನಾವು ಪ್ರತಿ ವೇದಿಕೆಯಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಇಂದಿನ ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಭಿನ್ನ ಅಭಿಪ್ರಾಯಕ್ಕೆ ಇಂಥ ಪಕ್ಕದ ಕುರ್ಚಿ ಸಿಗುತ್ತಿದೆಯೇ ಎಂದು ಎಲ್ಲರೂ ಕೇಳಿಕೊಳ್ಳಬೇಕು.

ಇನ್ನೊಂದು ಕಥೆ, ನಮ್ಮ ಖಾರದ ಊಟಕ್ಕೆ ಸಂಬಂಧಿಸಿದ್ದು. ಹೊಟ್ಟೆಹುಣ್ಣಿಗೆ ಕಾರಣ ಖಾರ ಮತ್ತು ಚಿಂತೆ ಎಂದು ಬಹುಕಾಲ ವೈದ್ಯರೇ ನಂಬಿದ್ದರು. ಜಠರದ ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕಲಾರದು ಎಂಬುದು ಶಾಸ್ತ್ರವಾಕ್ಯದಂತೆ ಇತ್ತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞರು 1979ರಲ್ಲಿ ಸೂಕ್ಷ್ಮದರ್ಶಕದಲ್ಲಿ ಜಠರದ ಬ್ಯಾಕ್ಟೀರಿಯಾವನ್ನು ಕಂಡರು. ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯರು ಅವರ ಜೊತೆಗೂಡಿದರು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಲು ಎಷ್ಟು ಹೆಣಗಿದರೂ ಆಗಲಿಲ್ಲ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಹಾಗೆಯೇ ಉಳಿದುಬಿಟ್ಟಾಗ ಅದು ಬೆಳೆಯಿತು! ಆದರೂ ತಜ್ಞರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಅವರ ಜಠರ ಉರಿಯೂತಕ್ಕೆ ಒಳಗಾಯಿತು. ಪರೀಕ್ಷೆಯಲ್ಲಿ ಅದೇ ಬ್ಯಾಕ್ಟೀರಿಯಾ ಕಂಡಿತು. ಮುಂದೆ ನಡೆದ ಅಧ್ಯಯನಗಳಲ್ಲಿ ಆ್ಯಂಟಿಬಯಾಟಿಕ್ ಔಷಧಿಗೆ ಹುಣ್ಣು ವಾಸಿಯಾಗುವುದು ಖಚಿತವಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ದೊಡ್ಡವರು ಹೇಳಿದ್ದಾರೆ ಎಂಬುದು ವಿಜ್ಞಾನದಲ್ಲಿ ಕೊನೆಯ ಮಾತಲ್ಲ, ಪುರಾವೆ ಬಂದಾಗ ದೊಡ್ಡವರೂ ತಿದ್ದಿಕೊಳ್ಳಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನಗೆ ಗೊತ್ತಿಲ್ಲ.

ಸಾಮಾನ್ಯರಿಗೆ ವಿಜ್ಞಾನ ಬರೆದರೆ ಏನು ಪ್ರಯೋಜನ ಎಂದು ಕೇಳುವವರಿಗೆ ಮೈಕೆಲ್ ಫ್ಯಾರಡೆಯ ಬಾಳು ಉತ್ತರ. ಅವರು ಲಂಡನ್ನಿನ ಬಡ ಕಮ್ಮಾರನ ಮಗ. ಶಾಲೆ ಅಷ್ಟಕ್ಕಷ್ಟೇ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕ ಕಟ್ಟುವ ಕೆಲಸಕ್ಕೆ ಸೇರಿದರು. ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತಿದ್ದರು. ಅವುಗಳಲ್ಲಿ ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕವೊಂದಿತ್ತು. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಹೆಣ್ಣುಮಕ್ಕಳಿಗಾಗಿ, ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಸಂವಾದದ ರೂಪದಲ್ಲಿ ಅವರು ಅದನ್ನು ಬರೆದಿದ್ದರು. ಆ ಓದೇ ತಮ್ಮನ್ನು ರಸಾಯನಶಾಸ್ತ್ರಕ್ಕೆ ಕರೆತಂದಿತು ಎಂದು ಫ್ಯಾರಡೆ ಕೊನೆಯವರೆಗೂ ನೆನೆಯುತ್ತಿದ್ದರು. 1831ರಲ್ಲಿ ಅವರು ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ವದ ಮೇಲೆಯೇ 1902ರಲ್ಲಿ ನಮ್ಮ ಶಿವನಸಮುದ್ರದ ವಿದ್ಯುದಾಗಾರ ತಿರುಗತೊಡಗಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಜ್ಞಾನದ ಬಾಗಿಲ ಹೊರಗೆ ನಿಲ್ಲಿಸಿದ ಹೆಣ್ಣುಮಕ್ಕಳಿಗೆಂದು ಒಬ್ಬ ಮಹಿಳೆ ಬರೆದ ಪುಸ್ತಕ ಒಬ್ಬ ಕಾಯಕಜೀವಿಯ ಕೈಗೆ ಬಿದ್ದು ಇಷ್ಟಾಯಿತು. ಶರಣರ ಇತಿಹಾಸ ಬಲ್ಲ ನಮಗೆ ಇದರ ಅರ್ಥ ಬೇರೆಯವರಿಗಿಂತ ಬೇಗ ಆಗಬೇಕು.

ಕನ್ನಡದಲ್ಲಿ ಈ ಕೆಲಸ ನಿನ್ನೆ ಮೊನ್ನೆಯದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಅದು ಬಹುಕಾಲ ನಡೆಯಲಿಲ್ಲ, ಆದರೆ ಕನ್ನಡದಲ್ಲಿ ವಿಜ್ಞಾನ ಬರೆಯಬಹುದು ಎಂದು ತೋರಿಸಿತು. ಇತ್ತ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಮಠ ಮನೆಗಳ ತಾಡೋಲೆಯಲ್ಲಿದ್ದ ವಚನಗಳು ಅಚ್ಚಾಗಿ ಜನರ ಕೈಗೆ ಬಂದದ್ದು ಹೀಗೆ. ಒಂದೇ ದಶಕದ ಒಳಗೆ ನಡೆದ ಈ ಎರಡು ಸಾಹಸಗಳನ್ನು ನಾವು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೇವೆ. ನನಗೆ ಅವು ಒಂದೇ ಕಾಯಕದ ಎರಡು ಮುಖಗಳಾಗಿ ಕಾಣುತ್ತವೆ. ಕೆಲವರ ಬಳಿಯಷ್ಟೇ ಇದ್ದ ಅರಿವನ್ನು ಎಲ್ಲರ ಭಾಷೆಯಲ್ಲಿ, ಎಲ್ಲರ ಕೈಗೆ ಎಟಕುವಂತೆ ಇಡುವುದು ಎರಡರ ಉದ್ದೇಶವೂ ಆಗಿತ್ತು.

ಆಮೇಲೆ ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲ ಪ್ರಪಂಚ’ವನ್ನೂ ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಹುಬ್ಬಳ್ಳಿಯಿಂದ 1956ರಲ್ಲಿ ಆರಂಭವಾದ ‘ಕಸ್ತೂರಿ’ಯಲ್ಲಿ ಪಾ.ವೆಂ. ಆಚಾರ್ಯರು ಕುತೂಹಲಕ್ಕೆ ಊಟ ಬಡಿಸಿದರು. ಬಿ.ಜಿ.ಎಲ್. ಸ್ವಾಮಿ, ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್, ನಾಗೇಶ ಹೆಗಡೆ ಮುಂತಾದವರು ಆ ಪಂಕ್ತಿಯನ್ನು ಮುಂದುವರಿಸಿದರು. 1978ರಲ್ಲಿ ಆರಂಭವಾದ ‘ಬಾಲ ವಿಜ್ಞಾನ’ ಎಷ್ಟೋ ಹಳ್ಳಿ ಶಾಲೆಗಳಿಗೆ ತಲುಪಿತು. ಇಂಗ್ಲಿಷ್ ಬಲ್ಲ ಕಾಲೇಜು ವಿದ್ಯಾರ್ಥಿಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1996ರಿಂದ ‘ರೆಸೊನೆನ್ಸ್’ ತರುತ್ತಿದೆ. ಅದರ ಲೇಖನಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಕಾಸಿಲ್ಲದೆ ಓದಬಹುದು. ಬಡಿಸಿದ ಎಲೆ ಮುಂದಿದೆ, ಉಣ್ಣುವವರು ಬೇಕು.

ಈಗ ಸ್ವಲ್ಪ ಕಹಿಯಾದ ಮಾತು. ಈ ಪತ್ರಿಕೆಯ ಕಚೇರಿಗೆ ಬರುವ ಲೇಖನಗಳಲ್ಲಿ, ನಮ್ಮ ಆಚರಣೆಗಳಿಗೆ ‘ವೈಜ್ಞಾನಿಕ ಆಧಾರ’ ಹುಡುಕುವಂಥವು ಹೆಚ್ಚುತ್ತಿವೆ. ಇಷ್ಟಲಿಂಗದಿಂದ ಕಾಂತೀಯ ಅಲೆಗಳು ಹೊಮ್ಮುತ್ತವೆ, ವಿಭೂತಿ ವಿಕಿರಣವನ್ನು ಹೀರುತ್ತದೆ, ಲಿಂಗಪೂಜೆಯಿಂದ ಮಿದುಳಿನ ಇಂಥ ಗ್ರಂಥಿ ಇಂಥ ರಸ ಸುರಿಸುತ್ತದೆ ಎಂದು ವಿದೇಶಿ ವಿಜ್ಞಾನಿಗಳು ದೃಢಪಡಿಸಿದ್ದಾರೆ ಎಂದು ಬರೆದಿರುತ್ತಾರೆ. ಬರೆದವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಮೇಸ್ತ್ರಿ ಕೇಳಿದ ಪ್ರಶ್ನೆಯನ್ನೇ ನಾವು ಕೇಳಬೇಕಾಗುತ್ತದೆ. ಯಾರು ಅಳೆದರು? ಯಾವ ಉಪಕರಣದಿಂದ? ಎಷ್ಟು ಜನರಲ್ಲಿ? ಪೂಜೆ ಮಾಡದವರ ಜೊತೆ ಹೋಲಿಸಿ ನೋಡಿದರೇ? ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬಂತೇ? ಇವಕ್ಕೆ ಉತ್ತರವಿಲ್ಲದಿದ್ದರೆ ಅದು ವಿಜ್ಞಾನದ ವೇಷ ತೊಟ್ಟ ಮೌಢ್ಯ. ಹಳೆಯ ಮೌಢ್ಯವನ್ನು ಗುರುತಿಸುವುದು ಸುಲಭ. ಇದು ಕೋಟು ಹಾಕಿಕೊಂಡು ಬರುವುದರಿಂದ ಗುರುತಿಸುವುದು ಕಷ್ಟ.

ಇದರಿಂದ ಧರ್ಮಕ್ಕೂ ಹಾನಿ. ಬಸವಾದಿ ಶರಣರು ಇಷ್ಟಲಿಂಗವನ್ನು ಅಂಗೈಗೆ ಕೊಟ್ಟದ್ದು ಮನುಷ್ಯನಿಗೂ ದೇವರಿಗೂ ನಡುವೆ ದಲ್ಲಾಳಿ ಬೇಡವೆಂದು, ಮೇಲು ಕೀಳು ಬೇಡವೆಂದು. ಅದರ ಬೆಲೆ ತಿಳಿಯುವುದು ನಮ್ಮ ನಡೆಯಲ್ಲಿ, ನಾವು ಇನ್ನೊಬ್ಬರನ್ನು ಕಾಣುವ ರೀತಿಯಲ್ಲಿ. ಅದಕ್ಕೆ ಯಾವ ಪ್ರಯೋಗಾಲಯದ ಪ್ರಮಾಣಪತ್ರವೂ ಬೇಕಿಲ್ಲ. ಸುಳ್ಳು ಪುರಾವೆಯ ಮೇಲೆ ಶ್ರದ್ಧೆಯನ್ನು ನಿಲ್ಲಿಸಿದರೆ, ಓದಿದ ಮಗನೋ ಮಗಳೋ ಆ ಪುರಾವೆ ಸುಳ್ಳೆಂದು ಕಂಡ ದಿನ ಶ್ರದ್ಧೆಯೂ ಕುಸಿಯುತ್ತದೆ. ಎರೆ ಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟ್ ಹಾಸಿದ ಹಾಗೆ. ಆದ್ದರಿಂದ ‘ವಿಜ್ಞಾನ ದೃಢಪಡಿಸಿದೆ’ ಎಂಬ ಮಾತಿರುವ ಲೇಖನಗಳನ್ನು, ಅದು ಹೇಗೆ ಗೊತ್ತಾಯಿತು ಎಂಬುದನ್ನು ಲೇಖಕರು ತಿಳಿಸಿದರೆ ಮಾತ್ರ ಈ ಪತ್ರಿಕೆ ಪ್ರಕಟಿಸುತ್ತದೆ. ಲೇಖಕ ಬಂಧುಗಳು ಅನ್ಯಥಾ ಭಾವಿಸಬಾರದು.

1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ಹುಬ್ಬಳ್ಳಿಯಲ್ಲಿ ಕಾಣಿಸಿತ್ತು. ವಿದ್ಯಾರ್ಥಿಯಾಗಿದ್ದ ನಾನು ನೋಡಿದ್ದೇನೆ. ಹಾಡಹಗಲೇ ಬೀದಿಗಳು ಬಿಕೋ ಎನ್ನುತ್ತಿದ್ದವು, ಬಾಗಿಲು ಕಿಟಕಿ ಹಾಕಿಕೊಂಡು ಜನ ಒಳಗೆ ಕುಳಿತಿದ್ದರು. ಪತ್ರಿಕೆಯಲ್ಲಿ ಓದಿದ್ದ ಕ್ರಮದಂತೆ ರಟ್ಟಿಗೆ ಸಣ್ಣ ತೂತು ಮಾಡಿ, ಕಣ್ಣಿಗೆ ಅಪಾಯವಿಲ್ಲದೆ ಸೂರ್ಯನ ಬಿಂಬ ಕರಗುವುದನ್ನು ನಾವು ಕೆಲವರು ಹಾಳೆಯ ಮೇಲೆ ನೋಡಿದೆವು. ಆ ಓದು ಇಲ್ಲದಿದ್ದರೆ ನಾವೂ ಒಳಗೇ ಇರುತ್ತಿದ್ದೆವು. ಭಯವನ್ನು ಬಿಡಿಸಲು ಭಾಷಣಕ್ಕಿಂತ ಒಂದು ರಟ್ಟಿನ ತೂತು ಹೆಚ್ಚು ಕೆಲಸ ಮಾಡುತ್ತದೆ.

ನಮ್ಮ ಮಠಗಳು ಮಾಡಬಹುದಾದದ್ದು ಬಹಳವಿದೆ. ನಾಡಿನ ಉದ್ದಗಲಕ್ಕೂ ಮಠಗಳ ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಿದ್ದಾರೆ. ಅನ್ನದಾಸೋಹ, ಅಕ್ಷರದಾಸೋಹಗಳಲ್ಲಿ ನಮ್ಮ ಮಠಗಳ ಹೆಸರು ದೊಡ್ಡದು. ಅದರ ಜೊತೆ ಪ್ರತಿ ನಿಲಯಕ್ಕೆ ಕನ್ನಡದ ಒಂದು ವಿಜ್ಞಾನ ಪತ್ರಿಕೆ ಬರಲಿ. ಅದಕ್ಕೆ ತಗಲುವ ವರ್ಷದ ಖರ್ಚು ಸಮಾರಂಭದಲ್ಲಿ ಹಾಕುವ ಶಾಲು ಹಾರಗಳ ಖರ್ಚಿನ ಮುಂದೆ ಏನೇನೂ ಅಲ್ಲ. ಪತ್ರಿಕೆಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಡಬೇಡಿ. ಹರಿದುಹೋದರೆ ಓದಿದ್ದಾರೆ ಎಂದು ಸಂತೋಷಪಡೋಣ. ತಿಂಗಳಿಗೊಮ್ಮೆ ಸಾಮೂಹಿಕ ಪ್ರಾರ್ಥನೆಯ ನಂತರ ಒಂದು ಮಗು ಒಂದು ಲೇಖನವನ್ನು ಗಟ್ಟಿಯಾಗಿ ಓದಲಿ. ಉಳಿದ ಮಕ್ಕಳು ‘ಹೇಗೆ ಗೊತ್ತಾಯಿತು?’ ಎಂದು ಕೇಳಲಿ. ಉತ್ತರ ಯಾರಿಗೂ ತಿಳಿಯದಿದ್ದರೆ ಹುಡುಕಿ ಮುಂದಿನ ತಿಂಗಳು ಹೇಳಲಿ. ಶ್ರಾವಣದ ಪ್ರವಚನ ಮಾಲೆಯಲ್ಲಿ ಒಂದು ಸಂಜೆ ವಿಜ್ಞಾನಕ್ಕೆ ಮೀಸಲಾಗಲಿ. ಗ್ರಹಣ ಬಂದ ದಿನ ಮಠದ ಬಯಲಿನಲ್ಲಿ ಮಕ್ಕಳಿಗೆ ಅದನ್ನು ಸುರಕ್ಷಿತವಾಗಿ ತೋರಿಸಿ, ಪೂಜ್ಯರ ಜೊತೆಯೇ ಪ್ರಸಾದ ನಡೆಯಲಿ.

ಕೈಯಿಂದ ಮಾಡುವ ಆಟಗಳೂ ಈ ಪತ್ರಿಕೆಗಳಲ್ಲಿ ಸಿಗುತ್ತವೆ. ಒಂದು ಉದ್ದನೆಯ ಕಾಗದದ ಪಟ್ಟಿ ತೆಗೆದುಕೊಂಡು, ಒಂದು ತುದಿಯನ್ನು ಅರ್ಧ ಸುತ್ತು ತಿರುಚಿ ಇನ್ನೊಂದು ತುದಿಗೆ ಅಂಟಿಸಿ. ಈ ಬಳೆಯನ್ನು ನಡುಗೆರೆಯ ಮೇಲೆ ಉದ್ದಕ್ಕೆ ಕತ್ತರಿಸಿದರೆ ಎಷ್ಟು ಬಳೆಗಳಾಗುತ್ತವೆ ಎಂದು ಮಕ್ಕಳನ್ನು ಕೇಳಿ. ಎರಡು ಎನ್ನುತ್ತಾರೆ. ಕತ್ತರಿಸಿ ನೋಡಿದರೆ ಎರಡು ಪಟ್ಟು ಉದ್ದದ ಒಂದೇ ಬಳೆ! ಇಂಥ ಗಣಿತದ ಆಟಗಳನ್ನು ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಬರೆದ ಮಾರ್ಟಿನ್ ಗಾರ್ಡ್ನರ್ ಕಾಲೇಜಿನಲ್ಲಿ ಓದಿದ್ದು ತತ್ವಶಾಸ್ತ್ರ, ಗಣಿತವನ್ನು ತಾವೇ ಕಲಿತುಕೊಂಡರು.

ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಪತ್ರಿಕೆ ಏಕೆ ಎಂದು ಕೇಳಬಹುದು. ಮೊಬೈಲಿನಲ್ಲಿ ನಿಜವೂ ಬರುತ್ತದೆ, ಸುಳ್ಳೂ ಬರುತ್ತದೆ; ಯಾರು ಬರೆದರು, ಯಾರು ಹೊಣೆ ಎಂಬುದು ಹಲವು ಸಲ ತಿಳಿಯುವುದಿಲ್ಲ. ಪತ್ರಿಕೆಗೆ ಸಂಪಾದಕನಿದ್ದಾನೆ, ವಿಳಾಸವಿದೆ, ತಪ್ಪು ಕಂಡರೆ ಪತ್ರ ಬರೆದು ತಿದ್ದಿಸಬಹುದು. ಹೀಗೆ ಹೊಣೆ ಹೊತ್ತ ಬರಹವನ್ನು ಓದಿ ಪಳಗಿದ ಮಗು ಮೊಬೈಲಿನ ಬರಹವನ್ನೂ ತೂಗಿ ನೋಡುತ್ತದೆ.

ಓದುವುದು ಹೇಗೆ ಎಂದು ಹಿರಿಯ ಬಂಧುಗಳಿಗೆ ಒಂದು ಮಾತು. ಎಲ್ಲವೂ ತಿಳಿಯಬೇಕೆಂಬ ಹಟ ಬೇಡ. ಲೆಕ್ಕ ಬಂದಲ್ಲಿ ದಾಟಿ ಮುಂದೆ ಹೋಗಿ. ಅರ್ಧ ತಿಳಿದರೂ ಲಾಭವೇ. ಈ ಓದಿಗೆ ಪರೀಕ್ಷೆ ಇಲ್ಲ, ಬಡ್ತಿ ಇಲ್ಲ. ರಾತ್ರಿ ಊಟದ ಹೊತ್ತಿನಲ್ಲಿ ಓದಿದ್ದನ್ನು ಮೊಮ್ಮಗಳಿಗೆ ಹೇಳಿ. ಅವಳು ‘ಅದು ಹೇಗೆ ಗೊತ್ತಾಯಿತು ಅಜ್ಜಾ?’ ಎಂದು ಕೇಳಿದರೆ ಗದರಬೇಡಿ. ಕಲ್ಯಾಣದಲ್ಲಿ ಕೇಳುವ ಹಕ್ಕು ಎಲ್ಲರಿಗೂ ಸಿಕ್ಕಿತ್ತು. ಅದನ್ನು ನಮ್ಮ ಮನೆ ಮಠಗಳ ಮಕ್ಕಳಿಗೆ ಉಳಿಸಿಕೊಡುವ ಹೊಣೆ ನಮ್ಮದು.